ತಮ್ಮನ ಬಂದೂಕು, ನನ್ನ ರಾಟಿ

ಹಿಡಿಕೆ ತಿರುವಿ ನಡೆಸುವ ಯಂತ್ರದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಾಲೆಯಲ್ಲಿ ಮೂರನೆಯ ಇಯತ್ತೆ ದಾಟಲಿಲ್ಲ, ನಿಜ. ಆದರೆ ಎಂಟನೆಯ ವಯಸ್ಸಿಗೇ ಬನಹಟ್ಟಿಯ ನಮ್ಮ ಮನೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ರಾಟಿಯ ಮುಂದೆ ಕೂತವಳು ನಾನು. ಬಲಗೈ ಹಿಡಿಕೆ ತಿರುವುತ್ತಿರಬೇಕು, ಎಡಗೈ ನೂಲನ್ನು ಕಂಡಿಕೆಯ ಮೇಲೆ ಸಾಲಾಗಿ ಇಳಿಸುತ್ತಿರಬೇಕು. ಒಂದು ಕೈಯ ರಭಸ ಇನ್ನೊಂದು ಕೈಗೆ ತಾಗಿದರೆ ನೂಲು ಕಡಿಯುತ್ತದೆ. ಇಷ್ಟು ತಿಳಿದವಳಾದ್ದರಿಂದ ಖಾತ್ರಿಯಾಗಿ ಹೇಳುತ್ತೇನೆ: ಸಿಪಾಯಿಯೊಬ್ಬ ಹೆಗಲಿಗೆ ತೂಗುಹಾಕಿಕೊಂಡು, ಹಿಡಿಕೆ ತಿರುವುತ್ತ, ನಡೆಯುತ್ತ ಗುಂಡು ಹಾರಿಸುವ ಹಲವು ನಳಿಗೆಯ ಬಂದೂಕು ಕೆಲಸಕ್ಕೆ ಬರುವುದಿಲ್ಲ.

ಇದು ನನಗೆ ಮೊದಲೇ ತಿಳಿದಿತ್ತು. ತಿಳಿದೂ ಹೇಳಲಿಲ್ಲ. ಅದರಿಂದ ನನ್ನ ತಮ್ಮ ಎಡಗೈಯ ಮೂರು ಬೆರಳು ಕಳೆದುಕೊಂಡ.

ನಮ್ಮದು ಮೂರು ಮಗ್ಗದ ಮನೆ. ಎರಡರಲ್ಲಿ ಅಪ್ಪ ಮತ್ತು ಒಬ್ಬ ಕೂಲಿಯವ ನೇಯುತ್ತಿದ್ದರು. ಮೂರನೆಯದು ತಮ್ಮನದು. ಅವನು ಎತ್ತರದ ಆಳು. ಮಗ್ಗದಲ್ಲಿ ಕೂತರೆ ತಲೆ ಮೇಲಿನ ಅಡ್ಡಗೋಲಿಗೆ ಬಡಿಯುತ್ತಿತ್ತು. ಹತ್ತೊಂಬತ್ತು ತುಂಬುವ ಹೊತ್ತಿಗೆ ಜಮಖಂಡಿಗೆ ಹೋಗಿ ಸಂಸ್ಥಾನದ ಪಲ್ಟನ್ ಸೇರಿಬಿಟ್ಟ. ಅಪ್ಪ ಅವನ ಮಗ್ಗ ಬಿಚ್ಚಿ ಅಟ್ಟಕ್ಕೆ ಏರಿಸಿದರು. ಆದರೆ ನೆಲದಲ್ಲಿ ಕಾಲಿಳಿಬಿಟ್ಟು ಕೂಡಲು ತೋಡಿದ ಕುಣಿಯನ್ನು ಮುಚ್ಚಲಿಲ್ಲ. ಇವತ್ತಲ್ಲ ನಾಳೆ ಮಗ ಬಂದಾನು ಎಂಬ ಆಸೆ. ನನ್ನ ಗಂಡನ ಮನೆ ಅದೇ ಓಣಿಯಲ್ಲಿತ್ತು. ಅಲ್ಲಿಯ ಕೆಲಸ ಮುಗಿಸಿ ದಿನವೂ ತವರಿಗೆ ಬಂದು, ತಮ್ಮನ ಆ ಖಾಲಿ ಕುಣಿಯ ಅಂಚಿನ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಕಾಲು ಇಳಿಬಿಡಲು ಆರಾಮ. ವರ್ಷಗಟ್ಟಲೆ ಒಂದೇ ಕಡೆ ಕೂತು ಮಣ್ಣಿನ ಅಂಚು ನನ್ನ ರಾಟಿಯ ಮಣೆಗೆ ತಕ್ಕಂತೆ ಸವೆದಿತ್ತು.

ಪಲ್ಟನ್ನಿನ ಆಯುಧದ ಕೋಣೆಯಲ್ಲಿ ಐದು ನಳಿಗೆಯ ಒಂದು ಹಳೆಯ ಬಂದೂಕು ಇತ್ತು. ಎರಡು ಗಾಲಿಯ ಮೇಲೆ ಕೂಡಿಸಿದ್ದು. ಹಿಂದಿನ ಹಿಡಿಕೆ ತಿರುವಿದರೆ ನಳಿಗೆಗಳು ಸುತ್ತುತ್ತ ಒಂದಾದ ಮೇಲೊಂದು ಹಾರುತ್ತಿದ್ದವು. ಯಾವ ಕಾಲದಲ್ಲೋ ತರಿಸಿದ್ದು, ಹಬ್ಬದ ಕವಾಯತಿಗೆ ಮಾತ್ರ ಹೊರಗೆ ಬರುತ್ತಿತ್ತು. ಬೆರಳಿನಿಂದ ಕುದುರೆ ಒತ್ತಿದರೆ ತಾನಾಗಿ ಹಾರುವ ಹೊಸ ಮಷೀನ್ ಗನ್ನುಗಳು ಇಂಗ್ರೇಜರ ದೊಡ್ಡ ಸರಕಾರದ ಫೌಜಿನಲ್ಲಿದ್ದವು. ನಮ್ಮಂಥ ಸಣ್ಣ ಸಂಸ್ಥಾನಕ್ಕೆ ಇರುವುದೇ ಗತಿ. ಒಂದು ಸಲ ಪಲ್ಟನ್ನು ಆ ಬಂದೂಕು ಎಳೆದುಕೊಂಡು ಹೊಳೆಯ ಕಡೆಗೆ ಕವಾಯತಿಗೆ ಹೋಗಿತ್ತು. ರಜೆಯ ಮೇಲೆ ಮನೆಗೆ ಬಂದ ತಮ್ಮ ಉಣ್ಣುತ್ತ ಆ ಕಥೆ ಹೇಳಿದ.

"ಅಕ್ಕಾ, ತುಬಚಿ ಕಡೆ ಹಸಿ ಎರಿ ಹೊಲದಾಗ ಗಾಲಿ ಅಚ್ಚಿನ ತನಕ ಇಳದ್ವು ನೋಡು. ಎಂಟ ಮಂದಿ ಜಗ್ಗಿದ್ರೂ ಮಿಸಕಲಿಲ್ಲ. ಕಡೀಕ ಆ ಹೊಲದಾಂವನ ಎತ್ತ ಕಟ್ಟಿ ಎಳಿಸಿದ್ವಿ. ಅಂವ ಏನಂದ ಗೊತ್ತೈತೇನ? 'ಲಡಾಯಿ ಹತ್ತಿದಾಗೂ ಹೇಳಿ ಕಳಸ್ರೀ, ಎತ್ತ ಕರಕೊಂಡ ಬರ್ತೀನಿ' ಅಂದ!"

ಅಪ್ಪ ನಕ್ಕು ತುತ್ತು ನೆತ್ತಿಗೆ ಹತ್ತಿಸಿಕೊಂಡರು. ತಮ್ಮ ನಗಲಿಲ್ಲ. ಗಾಲಿ ಬಿಚ್ಚಿದರೆ ಬಂದೂಕಿನ ತೂಕ ಮುಕ್ಕಾಲು ಚೀಲ ಜೋಳದಷ್ಟು ಆಗುತ್ತದೆ, ಅಷ್ಟನ್ನು ತಾನು ಹೊರಬಲ್ಲೆ ಎಂದ. ಚರ್ಮದ ಪಟ್ಟಿಯಿಂದ ಹೆಗಲಿಗೆ ತೂಗುಹಾಕಿ, ಎಡಗೈಯಲ್ಲಿ ಮೇಲಿನ ಹಿಡಿ ಹಿಡಿದು, ಬಲಗೈಯಲ್ಲಿ ತಿರುವುತ್ತ ನಡೆದರೆ ಎರೆಹೊಲವೇನು, ಗುಡ್ಡವನ್ನೂ ಹತ್ತಬಹುದು. ಸುಭೇದಾರರಿಗೆ ಈ ಮಾತು ಹೇಳಿದ್ದ. ಅವರು, "ಮಾಡಿ ತೋರಸು, ಹವಾಲ್ದಾರ್ ಪಟ್ಟಿ ನಿನ್ನ ತೋಳಿಗೆ" ಎಂದಿದ್ದರಂತೆ.

ಊಟವಾದ ಮೇಲೆ ತಮ್ಮ ನನ್ನ ಹತ್ತಿರ ಬಂದು ಕೂತ. ಇದ್ದಿಲಿನಿಂದ ನೆಲದ ಮೇಲೆ ಬಂದೂಕಿನ ಚಿತ್ರ ಬರೆದ.

"ಅಕ್ಕಾ, ಖರೆ ಹೇಳು. ಒಂದ ಕೈಲೆ ತಿರುವಿಕೋಂತ, ಇನ್ನೊಂದ ಕೈಲೆ ಬಂದೂಕಿನ ಬಾಯಿ ಅಳ್ಳಾಡದಂಗ ಹಿಡಿಯಾಕ ಆಗತೈತೇನ?"

"ಹುಟ್ಟಿದಾಗಿಂದ ಮತ್ತೇನ ಮಾಡಾಕತ್ತೇನಿ ನಾನು?"

"ನೀ ಕೂತ ತಿರುವತಿ. ನಿಂತ ತಿರುವು ನೋಡೋಣು."

ಅಪ್ಪ ಮಗ್ಗದಿಂದಲೇ ಕೂಗಿದರು: "ಯಾಕ್ಲೇ, ಪಲ್ಟನ್ನಿಗೂ ಕಂಡಿಕಿ ಸುತ್ತೂದ ಕಲಸ್ತೀಯೇನ? ಪಗಾರ ನಮಗ ಕೊಡಂತ ಹೇಳ ಮತ್ತ!"

ರಾಟಿಯನ್ನು ಒಂದು ಹಳೆಯ ಪಂಚೆಯಿಂದ ಕೊರಳಿಗೆ ತೂಗುಹಾಕಿಕೊಂಡೆ. ತಮ್ಮ ಅದರ ಮಣೆಗೆ ಉದ್ದನೆಯ ಬಿದಿರು ಕಡ್ಡಿ ಬಿಗಿದ. ಕಡ್ಡಿಯ ತುದಿ ಗೋಡೆಯ ಮೊಳೆಯನ್ನೇ ನೋಡುತ್ತಿರಬೇಕು, ಅದೇ ಪರೀಕ್ಷೆ. ಮಗ್ಗಗಳ ನಡುವೆ ನಿಲ್ಲಲು ಜಾಗವಿರಲಿಲ್ಲ. ನಾನು ದಿನವೂ ಕಾಲು ಇಳಿಬಿಡುವ ಅವನ ಕುಣಿಗೇ ಇಳಿದು ನಿಂತು ತಿರುವಿದೆ. ಮೆಲ್ಲಗೆ ತಿರುವಿದೆ, ಜೋರಾಗಿ ತಿರುವಿದೆ. ಕಡ್ಡಿಯ ತುದಿ ಮೊಳೆಯನ್ನು ಬಿಟ್ಟು ಸರಿಯಲಿಲ್ಲ. ತಮ್ಮ ಚಪ್ಪಾಳೆ ಹೊಡೆದ.

"ಸುಭೇದಾರ ಸಾಹೇಬ್ರ ಪುಸ್ತಕದಾಗ ಇಲ್ಲದ್ದು ನಮ್ಮಕ್ಕನ ಕೈಯಾಗ ಐತಿ!" ಎಂದು ಅಪ್ಪನಿಗೆ ಕೂಗಿ ಹೇಳಿದ. ಅಪ್ಪ ಮಗ್ಗ ನಿಲ್ಲಿಸಿ ಎದ್ದು ಬಂದು ನೋಡಿದರು. "ಮೊದಲಿಂದೂ ಆಕಿ ಕೈ ಸ್ಥಿರಾನ" ಎಂದರು. ನನ್ನ ಕೆಲಸದ ಬಗ್ಗೆ ಅಪ್ಪ ಆಡಿದ ಒಳ್ಳೆಯ ಮಾತು ನನಗೆ ನೆನಪಿರುವುದು ಅದೊಂದೇ. ಕಂಡಿಕೆ ಸುತ್ತುವುದನ್ನು ನಮ್ಮಲ್ಲಿ ಯಾರೂ ವಿದ್ಯೆ ಎಂದು ತಿಳಿಯುವುದಿಲ್ಲ. ಮನೆಯ ಹೆಣ್ಣುಮಕ್ಕಳು ಮಾಡಲೇಬೇಕಾದ ಕೆಲಸ, ಅಷ್ಟೇ.

ತಮ್ಮ ಮುಖ ತೊಳೆಯಲು ಹಿತ್ತಲಿಗೆ ಹೋದ. ಅಪ್ಪ ಓಣಿಗೆ ನಡೆದರು. ನಾನು ಕುಣಿಯಿಂದ ಹತ್ತಿ ಬರುವಾಗ ರಾಟಿ ಬಿಡಿಸಿಕೊಳ್ಳಲು ಹೋದರೆ ಮಣೆ ಸಿಕ್ಕಿಕೊಂಡಿತ್ತು. ನೋಡಿದೆ. ಮಣೆಯ ತುದಿ ನನ್ನ ತೊಡೆಗೂ ಕುಣಿಯ ಸವೆದ ಅಂಚಿಗೂ ನಡುವೆ ಬೆಣೆಯಂತೆ ಕೂತಿತ್ತು. ಸೀರೆಯ ನಿರಿಗೆ ಅದನ್ನು ಮುಚ್ಚಿತ್ತು. ನಾನು ಬೇಕೆಂದು ಮಾಡಿದ್ದಲ್ಲ. ದಿನವೂ ಹಾಗೇ ಒತ್ತಿ ಹಿಡಿಯುವ ಮೈ, ಅವತ್ತೂ ಹಿಡಿದಿತ್ತು. ರಾಟಿಯನ್ನು ಸ್ಥಿರವಾಗಿ ಹಿಡಿದದ್ದು ನನ್ನ ಕೈಯಲ್ಲ, ನೆಲ.

ನಡುಮನೆಗೆ ಹೋಗಿ, ಗೋಡೆಯಿಂದ ದೂರ ನಿಂತು, ಹಾಗೇ ಕೊರಳಿಗೆ ಹಾಕಿಕೊಂಡು ತಿರುವಿದೆ. ಕಡ್ಡಿಯ ತುದಿ ನೊಣ ಹೊಡೆಯುವ ಎತ್ತಿನ ಬಾಲದಂತೆ ಅತ್ತಿತ್ತ ಆಡಿತು. ಹಿಡಿಕೆ ಕೆಳಗೆ ಹೋದಾಗ ಮೈಯೂ ಅತ್ತ ವಾಲುತ್ತಿತ್ತು, ಮೇಲೆ ಬಂದಾಗ ಹಿಂದಕ್ಕೆ ಸರಿಯುತ್ತಿತ್ತು. ಎಡಗೈ ಎಷ್ಟು ಬಿಗಿ ಹಿಡಿದರೂ ನಿಲ್ಲಲಿಲ್ಲ. ಹೆಜ್ಜೆ ಹಾಕುತ್ತ ತಿರುವಿದೆ, ಇನ್ನೂ ಕೆಟ್ಟಿತು.

ಅವನು ಇನ್ನೂ ಒಂದು ದಿನ ಮನೆಯಲ್ಲಿದ್ದ. ನಾನು ಹೇಳಬಹುದಿತ್ತು. ರೊಟ್ಟಿ ಬಡಿಯುವಾಗ ಹೇಳಬಹುದಿತ್ತು, ಅವನ ಗಂಟು ಕಟ್ಟುವಾಗ ಹೇಳಬಹುದಿತ್ತು. ಪ್ರತಿ ಸಲವೂ ಒಂದೊಂದು ನೆವ ಸಿಕ್ಕಿತು. ಬಂದೂಕು ಭಾರ, ರಾಟಿ ಹಗುರ, ಭಾರದ್ದು ಅಲ್ಲಾಡಲಿಕ್ಕಿಲ್ಲ. ಪಲ್ಟನ್ನಿನವರು ಹೇಗೂ ನೋಡಿಯೇ ನೋಡುತ್ತಾರೆ. ನೆವಗಳ ಕೆಳಗೆ ಇದ್ದದ್ದು ಒಂದೇ: ಓಣಿಯಲ್ಲಿ ಅಪ್ಪ ನನ್ನ ಕೈಯ ಸುದ್ದಿ ಹೇಳಿಕೊಂಡು ಬಂದಿದ್ದರು. ಅದನ್ನು ವಾಪಸು ಕೊಡಲು ನನಗೆ ಮನಸ್ಸಿರಲಿಲ್ಲ.

ಹದಿನೈದು ದಿನದ ಮೇಲೆ ಜಮಖಂಡಿಯಿಂದ ಒಂದು ಕಾರ್ಡು ಬಂತು, ನನ್ನ ಹೆಸರಿಗೇ. ಮನೆಯಲ್ಲಿ ಉಳಿದವರಲ್ಲಿ ಓದುಬರಹ ಬರುವವಳು ನಾನೊಬ್ಬಳೇ ಆದ್ದರಿಂದ ಬೇರೆ ಯಾರೂ ಓದಲಿಲ್ಲ. ಚರ್ಮದ ಪಟ್ಟಿ ಸಿದ್ಧವಾಗಿದೆ, ತೋಟಾ ತುಂಬದೆ ಬರಿದೇ ತಿರುವಿ ನೋಡುತ್ತಿದ್ದೇನೆ ಎಂದು ಬರೆದಿದ್ದ. ಆಯುಧದ ಕೋಣೆಯ ಗೋಡೆಗೆ ಬೆನ್ನು ಕೊಟ್ಟು ನಿಂತರೆ ಸರಿಯಿರುತ್ತದೆ, ಬಯಲಲ್ಲಿ ಜೋರಾಗಿ ತಿರುವಿದರೆ ಬಾಯಿ ಸ್ವಲ್ಪ ಆಡುತ್ತದೆ. ಕಡೆಯಲ್ಲಿ ಹೀಗಿತ್ತು: 'ಅಕ್ಕಾ, ನಿನಗೂ ಮೊದಲಿಗೆ ಹೀಗೆ ಆಡುತ್ತಿತ್ತೇ? ರೂಢಿಯಾದ ಮೇಲೆ ನಿಲ್ಲುತ್ತದೆಯೇ? ನೀನು ಹೇಳಿದಂತೆ ಮಾಡುತ್ತೇನೆ.'

ಅದಕ್ಕಿಂತ ಸರಳವಾದ ಪ್ರಶ್ನೆಯನ್ನು ಯಾರೂ ನನಗೆ ಕೇಳಿಲ್ಲ. ನಿಲ್ಲುವುದಿಲ್ಲ, ಬಿಟ್ಟುಬಿಡು ಎಂದು ಬರೆದಿದ್ದರೆ ಸಾಕಿತ್ತು. ನಾನು ಬರೆದೆ: 'ರೂಢಿಯಾದ ಮೇಲೆ ಕೈ ನಿಲ್ಲುತ್ತದೆ. ಚಿಂತೆ ಮಾಡಬೇಡ.' ಅದು ನಾನು ಕೈಯಾರೆ ಬರೆದ ಮೊದಲನೆಯ ಕಾಗದ. ಅಕ್ಷರ ದುಂಡಾಗಿ ಬಂದವು ಎಂದು ಸಂತೋಷವನ್ನೂ ಪಟ್ಟೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅವನು ಹೇಳಿದ್ದನ್ನು ಬರೆಯುತ್ತೇನೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣಿನ ಗಡಿಗೆಗಳನ್ನು ಸಾಲಾಗಿ ಇಟ್ಟಿದ್ದರು. ತಮ್ಮನ ಎಡಕ್ಕೆ, ತೋಟಾ ತುಂಬಿಕೊಡಲು ಅವನ ಗೆಳೆಯನೊಬ್ಬ ಸಿಪಾಯಿ. ಅವನಿಗಿಂತ ಎರಡು ಹೆಜ್ಜೆ ಆಚೆ ಸುಭೇದಾರರು. ಮೊದಲ ಸುತ್ತಿಗೇ ಎರಡು ಗಡಿಗೆ ಒಡೆದವು. "ಶಾಬಾಸ್!" ಎಂದರು ಮಂದಿ. ತಮ್ಮ ಹುರುಪಿನಲ್ಲಿ ಜೋರಾಗಿ ತಿರುವಿದ. ತೋಟಾ ತುಂಬಿದಾಗ ಹಿಡಿಕೆ ಬಿಗಿಯಾಗುತ್ತದೆ; ಅದಕ್ಕೆ ತೋಳಿನ ಬಲ ಮಾತ್ರ ಸಾಲದು, ಸೊಂಟದ ಬಲವೂ ಬೇಕು. ಸೊಂಟ ತಿರುಗಿದರೆ ಬಂದೂಕೂ ತಿರುಗುತ್ತದೆ. ಬಾಯಿ ಎಡಕ್ಕೆ, ಗೆಳೆಯನ ಕಡೆಗೆ ಸರಿಯಿತು. ರಭಸದಲ್ಲಿದ್ದ ಹಿಡಿಕೆ ಥಟ್ಟನೆ ನಿಲ್ಲುವುದಿಲ್ಲ, ಅರ್ಧ ಸುತ್ತಾದರೂ ಹೋಗಿಯೇ ನಿಲ್ಲುತ್ತದೆ. ಆ ಅರ್ಧ ಸುತ್ತಿನಲ್ಲಿ ಎರಡು ಗುಂಡು ಹೊರಡುತ್ತವೆ. ತಮ್ಮ ಮೇಲಿನ ಹಿಡಿ ಬಿಟ್ಟು, ಎಡಗೈಯಿಂದ ಸುತ್ತುತ್ತಿದ್ದ ನಳಿಗೆಗಳನ್ನೇ ತಬ್ಬಿ ಬಲಕ್ಕೆ ನೂಕಿದ. ನಳಿಗೆಗೂ ಮುಂದಿನ ಕಬ್ಬಿಣದ ಬಳೆಗೂ ನಡುವೆ ಬೆರಳು ಸಿಕ್ಕವು. ಬಂದೂಕು ನಿಂತಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಜಮಖಂಡಿಯ ದವಾಖಾನೆಯಲ್ಲಿ ಉಂಗುರ ಬೆರಳು, ನಡುಬೆರಳು, ಕಿರುಬೆರಳು ತೆಗೆದರು. ಹೆಬ್ಬೆರಳು ಮತ್ತು ತೋರುಬೆರಳು ಉಳಿದವು.

ಗಾಯ ಮಾಯುವ ತನಕ ತಮ್ಮ ಮನೆಯಲ್ಲಿದ್ದ. ಒಂದು ತಿಂಗಳ ಮೇಲೆ, ಬೆಳಗಿನ ಹೊತ್ತು, ಸುಭೇದಾರರು ಕುದುರೆಯ ಮೇಲೆ ಬಂದರು. ದೊಡ್ಡ ಮೀಸೆಯ, ಮೆತ್ತಗಿನ ದನಿಯ ಮನುಷ್ಯ. ತಮ್ಮನ ಕೈ ನೋಡಿದರು. ಆಮೇಲೆ ಬಂದ ಕೆಲಸ ಹೇಳಿದರು.

"ವರದಿ ಬರೀಬೇಕಪಾ. ಗೋಡಿ ಹತ್ರ ತಿರುವಿದಾಗ ಸರಿ ಇತ್ತು, ನಿಮ್ಮ ಮನ್ಯಾಗ ರಾಟಿ ಮ್ಯಾಲೂ ಸರಿ ಇತ್ತು ಅಂದಿ. ಅಂದಮ್ಯಾಲ ಯಂತ್ರ ಛಲೋ ಐತಿ, ತಿರುವಾಂವ ಹೆದರಿ ಕೈ ಬಿಟ್ಟ ಅಂತ ಆಗತೈತಿ. ಬ್ಯಾರೆ ಗಟ್ಟಿ ಆಳ ಒಬ್ಬಾಂವನ ಹಚ್ಚಿ ಇನ್ನೊಮ್ಮೆ ನೋಡಂತ ಮ್ಯಾಲಿಂದ ಹೇಳ್ಯಾರ."

ಹೆದರಿ ಕೈ ಬಿಟ್ಟವನೆಂದು ಬರೆದರೆ ತಮ್ಮನಿಗೆ ಪಲ್ಟನ್ನಿನಲ್ಲಿ ಜಾಗವಿಲ್ಲ. ಮೂರು ಬೆರಳಿಲ್ಲದವನಿಗೆ ಮಗ್ಗದಲ್ಲೂ ಜಾಗವಿಲ್ಲ. ಅದರ ಮೇಲೆ, ಇನ್ನೊಬ್ಬರ ಮನೆಯ ಮಗ ಆ ಚರ್ಮದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾನೆ. ತಮ್ಮ ತಲೆ ತಗ್ಗಿಸಿದ.

"ಹಂಗ ಬರೀರಿ ಸಾಹೇಬ್ರ. ನಂದ ತಪ್ಪ" ಎಂದ.

ಆಗ ನಾನು ಮಾತಾಡಿದೆ. ನನಗೆ ಗೊತ್ತಿದ್ದ ವಿಷಯ.

"ತಡೀರಿ. ಬರಿಯೂ ಮೊದಲ ನೋಡ್ರಿ."

ರಾಟಿ ಕೊರಳಿಗೆ ಹಾಕಿಕೊಂಡು ಕುಣಿಗೆ ಇಳಿದೆ. ಕಡ್ಡಿ ಕಟ್ಟಿಸಿ ತಿರುವಿದೆ. ಕಡ್ಡಿ ಮೊಳೆ ಬಿಡಲಿಲ್ಲ. ನಿರಿಗೆ ಸರಿಸಿ, ಮಣೆಯ ತುದಿ ಅಂಚಿಗೆ ಕೂತದ್ದನ್ನು ತೋರಿಸಿದೆ. ಆಮೇಲೆ ನಡುಮನೆಗೆ ಬಂದು ತಿರುವಿದೆ. ಕಡ್ಡಿ ಕುಣಿಯಿತು. ಸುಭೇದಾರರು ಎದ್ದು ನಿಂತರು. ತಾವೇ ರಾಟಿ ಇಸಿದುಕೊಂಡು, ಮೀಸೆಗೆ ನೂಲು ಸಿಗದಂತೆ ಗದ್ದ ಎತ್ತಿ ತಿರುವಿದರು. ಅವರ ಕಡ್ಡಿ ನನ್ನದಕ್ಕಿಂತ ಹೆಚ್ಚು ಕುಣಿಯಿತು.

"ಗಟ್ಟಿ ಆಳ ಹಚ್ಚಿದ್ರ ಇನ್ನೂ ಜೋರ ತಿರಗತೈತ್ರಿ" ಎಂದೆ. "ಬಲ ಹೆಚ್ಚಾದಷ್ಟೂ ಬಾಯಿ ಹೆಚ್ಚ ಹೊಳ್ಳತೈತಿ. ಹಿಡಿಕಿ ತಿರುವೂದಕ್ಕ ನೆಲ ಬೇಕ್ರಿ. ಗಾಲಿ ಮ್ಯಾಲ ಇದ್ದಾಗ ನೆಲ ಹಿಡಿದಿತ್ತು. ಹೆಗಲ ಮ್ಯಾಲ ಯಾರ ಹಿಡೀಬೇಕು? ಮನಶಾಗ ಎರಡ ಕೈ. ಒಂದು ತಿರುವಾಕ ಹೋದ್ರ, ಗುರಿ ಹಿಡಿಯಾಕ ಉಳಿಯೂದು ಒಂದ. ಅದು ಸಾಲೂದಿಲ್ಲ, ಗುರಿಗೆ ಇನ್ನೊಬ್ಬ ಬೇಕು. ತೋಟಾ ಹೊತಕೊಂಡ ಮತ್ತೊಬ್ಬ ಬಗಲಾಗ ನಿಂದರಬೇಕು. ಅಂದ್ರ ಒಬ್ಬ ಸಿಪಾಯಿ ಬಂದೂಕ ಅಲ್ರೀ ಅದು, ಮೂರ ಮಂದೀದು."

ಸುಭೇದಾರರು ಅಪ್ಪನ ಕಡೆ ತಿರುಗಿ, "ಈ ನಿಮ್ಮ ಮಗಳನ್ನ ಪಲ್ಟನ್ನಿಗೆ ಕಳಸ್ರಿ" ಎಂದರು. ಅಪ್ಪ, "ಅಕಿ ಗಂಡನ್ನ ಕೇಳ್ಬೇಕ್ರಿ, ಅಂವ ರೊಟ್ಟಿಗೆ ಏನ ಮಾಡ್ಯಾನು" ಎಂದರು. ತಮ್ಮನೂ ತಿಂಗಳಲ್ಲಿ ಮೊದಲ ಸಲ ನಕ್ಕ.

ಅಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸುಭೇದಾರರು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು:

"ಇದು ನಿನಗ ಯಾವಾಗ ತಿಳೀತವ್ವಾ?"

ತಮ್ಮ ನನ್ನನ್ನು ನೋಡಿದ.

"ಮೊನ್ನೆ ಮೊನ್ನೆ ತಿಳೀತ್ರಿ, ತಮ್ಮ ಕೈ ಕೆಟ್ಟಮ್ಯಾಲ" ಎಂದೆ.

"ಬಂದೂಕ ಆಡತೈತಿ ಅಂತ ನೀ ಯಾರನ್ನರ ಕೇಳಿದ್ದೇನಪಾ ಮೊದಲ?" ಎಂದು ಅವರು ತಮ್ಮನನ್ನು ಕೇಳಿದರು.

"ಇಲ್ರೀ" ಎಂದ ತಮ್ಮ.

ನನ್ನ ಕಾಗದ ಅವನ ಹತ್ತಿರ ಇತ್ತು. ಅಕ್ಕ ತಿಳಿಯದೆ ಬರೆದಳು, ಪಾಪ ಎಂದು ಮುಚ್ಚಿಟ್ಟ ಅಂತ ನಾನು ತಿಳಿದೆ. ಅವನ ಆ ಕರುಣೆಯನ್ನೂ ಸುಮ್ಮನೆ ಇಟ್ಟುಕೊಂಡೆ. ಓಣಿಯಲ್ಲಿ ಮತ್ತೆ ನನ್ನ ಹೊಗಳಿಕೆಯೇ ನಡೆಯಿತು: ಯಂತ್ರದ ಐಬು ಹಿಡಿದ ಹೆಣ್ಣುಮಗಳು.

ವರದಿಯಲ್ಲಿ ಐಬು ಯಂತ್ರದ್ದೆಂದೇ ಬರೆದರು. ಬಂದೂಕು ಮತ್ತೆ ಗಾಲಿ ಏರಿತು, ಮತ್ತೆ ಹಬ್ಬದ ಕವಾಯತಿಗೆ ಮಾತ್ರ ಹೊರಬಂತು. ತಮ್ಮನಿಗೆ ಹವಾಲ್ದಾರ್ ಪಟ್ಟಿ ಸಿಗಲಿಲ್ಲ. ಆದರೆ ಪಲ್ಟನ್ನಿನಲ್ಲಿ ಉಳಿಸಿಕೊಂಡು ಆಯುಧದ ಕೋಣೆ ನೋಡಿಕೊಳ್ಳಲು ಹಚ್ಚಿದರು. ಹತ್ತು ವರ್ಷಕ್ಕೂ ಮಿಕ್ಕಿ ಅವನು ತನ್ನ ಬೆರಳು ತಿಂದ ಬಂದೂಕಿಗೆ ಎರಡು ಬೆರಳಿನ ಕೈಯಿಂದಲೇ ಎಣ್ಣೆ ಹಚ್ಚಿದ.

ಸಂಸ್ಥಾನ ಹೋಗಿ ಪಲ್ಟನ್ನು ಬಿಚ್ಚಿದ ಮೇಲೆ ಮನೆಗೆ ಬಂದ. ಅಪ್ಪ ಆಗ ಇರಲಿಲ್ಲ. ಮಗ್ಗದಲ್ಲಿ ಕೂಡಲು ಅವನಿಂದ ಆಗಲಿಲ್ಲ. ಒಂದು ದಿನ ನಾನು ಬರುವಷ್ಟರಲ್ಲಿ ತನ್ನ ಕುಣಿಯ ಅಂಚಿನ ಮೇಲೆ ನನ್ನ ಜಾಗದಲ್ಲಿ ಕೂತು ರಾಟಿ ತಿರುವುತ್ತಿದ್ದ. ಹೆಬ್ಬೆರಳು ತೋರುಬೆರಳಿನ ನಡುವೆ ನೂಲು ಹಿಡಿದಿದ್ದ. ಅಷ್ಟು ಸಾಕು ಆ ಕೆಲಸಕ್ಕೆ. ಗಂಡಸು ಕಂಡಿಕೆ ಸುತ್ತುವುದೇ ಎಂದು ಓಣಿಯ ಮಂದಿ ನಕ್ಕರು. "ಐದ ನಳಿಗಿ ತಿರುವಿದಾಂವಗ ಒಂದ ಕಂಡಿಕಿ ಏನ ಭಾರ?" ಎಂದು ಅವನೇ ಅವರಿಗಿಂತ ಜೋರಾಗಿ ನಕ್ಕ.

ಅಂದಿನಿಂದ ನಾನು ನೂಲಿನ ಲಡಿ ಬಿಡಿಸಿ ಕೊಡುವುದು, ಅವನು ಸುತ್ತುವುದು. ಹೀಗೆ ಒಂದು ಮಧ್ಯಾಹ್ನ, ಕಣ್ಣು ನೂಲಿನ ಮೇಲೆಯೇ ಇಟ್ಟು, ಅವನು ಹೇಳಿದ:

"ಅಕ್ಕಾ, ಅವತ್ತ ನಾ ಹಿತ್ತಲದಾಗ ಮುಖಾ ತೊಳಕೊಳ್ಳಾಕತ್ತಿದ್ನಿ. ನಡುಮನ್ಯಾಗ ರಾಟಿ ಸಪ್ಪಳ ಆತು. ಕುಣಿ ಹತ್ರ ತಿರುವಿದ್ರ ಸಪ್ಪಳ ಬ್ಯಾರೆ ಇರತೈತಿ, ನೆಲಾ ಹಿಡಿದಿರತೈತಲ್ಲ. ಅವತ್ತಿಂದು ಹಂಗ ಇರಲಿಲ್ಲ."

ನನ್ನ ಕೈಯ ಲಡಿ ಅಲ್ಲೇ ನಿಂತಿತು.

"ಏನರ ಇದ್ರ ಹೇಳ್ತಾಳ ಅಂತ ನಾ ಹೋಗೂ ತನಕಾ ಕಾದ್ನಿ. ಅದಕ್ಕ ಆಮ್ಯಾಲ ಕಾಗದಾ ಬರದ್ನಿ. ನೀ ನಿಲ್ಲತೈತಿ ಅಂದಿ. ಅಂದಮ್ಯಾಲ ನಿಲ್ಲತಿರಬೇಕು ಅಂದ್ನಿ."

ಅವನು ತನ್ನ ಅನುಮಾನಕ್ಕಿಂತ ನನ್ನ ಮಾತನ್ನು ದೊಡ್ಡದೆಂದು ನಂಬಿದ್ದ. ಇಷ್ಟು ವರ್ಷ ನಾನು ಅದನ್ನು ಅವನ ತಿಳಿಯದತನ ಎಂದುಕೊಂಡು ಬದುಕಿದ್ದೆ.

"ಗೊತ್ತಿತ್ತು" ಎಂದೆ. "ನಿನ್ನ ಕಾಗದ ಬರೂ ಮೊದಲ ಗೊತ್ತಿತ್ತು. ಅಪ್ಪ ನನ್ನ ಕೈ ಹೊಗಳಿದ್ದ. ಅದಕ್ಕ ಬರೀಲಿಲ್ಲ."

ರಾಟಿ ನಿಲ್ಲಲಿಲ್ಲ. ಎರಡು ಮೂರು ಸುತ್ತು ಹೋಯಿತು. ಕ್ಷಮಿಸಿದನೆಂದು ನಾನು ಇಲ್ಲಿ ಬರೆಯುವುದಿಲ್ಲ. ಆ ಮಾತನ್ನು ಅವನು ಅಂದೂ ಆಡಲಿಲ್ಲ, ಆಮೇಲೂ ಆಡಲಿಲ್ಲ.

"ನೂಲ ಸಡ್ಲ ಆತ ನೋಡು" ಎಂದ. "ಬಿಗಿ ಹಿಡಿ."

ನಾನು ಲಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಅವನು ಮಣೆಯನ್ನು ಆ ಸವೆದ ಅಂಚಿಗೆ ಒತ್ತಿ ಕೂಡಿಸಿ, ತಿರುವತೊಡಗಿದ.